ಬೇಲಿ ಹಾರಿದ ಹುಡುಗಿ ಬೇಬ್

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಂಪಾದಕ ಸಮಿತಿಯವರು ಕೇಳಿದಾಗ, ನಾನು ಶಾಲೆಯ ಕ್ರೀಡಾ ಸಾಧನೆಗಳ ವರದಿ ಬರೆದುಕೊಡುತ್ತೇನೆಂದೇ ಅವರು ಎಣಿಸಿದ್ದರು. ಇದೇ ಶಾಲೆಯಲ್ಲಿ ಎಂಟರಿಂದ ಹತ್ತನೆಯ ತರಗತಿಯವರೆಗೆ ಓದಿದವಳು ನಾನು. ಮುಂದೆ ದೈಹಿಕ ಶಿಕ್ಷಕಿಯಾಗಿ ಇಲ್ಲಿಗೇ ವರ್ಗವಾಗಿ ಬಂದು, ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಇದೇ ಬಯಲಿನಲ್ಲಿ ಸೀಟಿ ಊದಿ ನಿವೃತ್ತಳಾದೆ. ನಾವು ಗೆದ್ದ ಕಪ್ಪುಗಳು ಮುಖ್ಯೋಪಾಧ್ಯಾಯರ ಕೊಠಡಿಯ ಗಾಜಿನ ಬೀರುವಿನಲ್ಲಿವೆ. ನೋಡಬೇಕೆನ್ನುವವರು ಅಲ್ಲೇ ನೋಡಬಹುದು. ನಾನು ಇಲ್ಲಿ ಒಬ್ಬ ಆಟಗಾರ್ತಿಯ ಜೀವನವನ್ನು ಹೇಳುತ್ತೇನೆ. ಆಕೆ ನಮ್ಮೂರಿನವಳಲ್ಲ, ನಮ್ಮ ದೇಶದವಳೂ ಅಲ್ಲ, ತೀರಿಕೊಂಡು ಅರವತ್ತು ವರ್ಷಗಳ ಮೇಲಾಯಿತು. ಆದರೂ ಆಕೆಯ ಕಥೆಯನ್ನು ಈ ಪುಸ್ತಕದಲ್ಲಿ ಬರೆಯಲು ನನಗೊಂದು ಸ್ವಂತ ಕಾರಣವಿದೆ. ಅದರ ಜಾಗ ಬಂದಾಗ ಅದನ್ನೂ ಹೇಳುತ್ತೇನೆ.

ಆಕೆಯ ಹೆಸರು ಬೇಬ್ ಜಹಾರಿಯಾಸ್. ಮಹಿಳಾ ವೃತ್ತಿಪರ ಗಾಲ್ಫ್ ಎಂಬುದು ಜಗತ್ತಿನಲ್ಲಿ ಕಾಲೂರಲು ಕಾರಣರಾದವರಲ್ಲಿ ಮುಖ್ಯಳು. ನಾನು ಬಿ.ಪಿ.ಇಡಿ. ಓದುವಾಗ ನಮಗೆ ಒಲಿಂಪಿಕ್ಸ್ ವಿಜೇತರ ಪಟ್ಟಿ ಬರೆಸುತ್ತಿದ್ದರು. 1932, ಲಾಸ್ ಏಂಜಲೀಸ್, ಮಹಿಳೆಯರ ಭರ್ಜಿ ಎಸೆತ ಎಂಬುದರ ಮುಂದೆ ಒಂದು ಹೆಸರು. ಅದರ ಕೆಳಗೆ, 80 ಮೀಟರ್ ಹರ್ಡಲ್ಸ್ ಎಂಬುದರ ಮುಂದೆಯೂ ಅದೇ ಹೆಸರು. ಬರೆಯುವಾಗ ತಪ್ಪಾಗಿರಬೇಕೆಂದು ಒಂದನ್ನು ಹೊಡೆದು ಹಾಕಿದ್ದೆ. ಭರ್ಜಿ ಎಸೆಯುವವರಿಗೆ ತೋಳು ಬೇಕು, ಹರ್ಡಲ್ಸ್ ಓಡುವವರಿಗೆ ಕಾಲು ಬೇಕು, ಎರಡೂ ಒಬ್ಬಳಲ್ಲೇ ಹೇಗೆ ಎಂಬುದು ನನ್ನ ಲೆಕ್ಕ. ನಾನು ಬರೆದುಕೊಂಡದ್ದೇ ಸರಿಯಾಗಿತ್ತು.

ಬೇಬ್ ಹುಟ್ಟಿದ್ದು 1911ರ ಜೂನ್ 26ರಂದು, ಅಮೆರಿಕದ ಟೆಕ್ಸಾಸ್ ರಾಜ್ಯದ ಪೋರ್ಟ್ ಆರ್ಥರ್ ಎಂಬ ಬಂದರು ಊರಿನಲ್ಲಿ. ತಂದೆ ತಾಯಿ ಇಟ್ಟ ಹೆಸರು ಮಿಲ್ಡ್ರೆಡ್. ಮನೆತನದ ಹೆಸರು ಡಿಡ್ರಿಕ್ಸನ್. ತಂದೆ ಓಲೆ, ತಾಯಿ ಹನ್ನಾ ಇಬ್ಬರೂ ನಾರ್ವೆ ದೇಶದಿಂದ ಹೊಟ್ಟೆಪಾಡಿಗಾಗಿ ಬಂದವರು. ತಂದೆ ಹಡಗಿನ ಬಡಗಿಯಾಗಿದ್ದು, ಮುಂದೆ ಮೇಜು ಕುರ್ಚಿಗಳ ದುರಸ್ತಿ ಕೆಲಸ ಹಿಡಿದವನು. ತಾಯಿ ಬೇರೆಯವರ ಮನೆಯ ಬಟ್ಟೆ ಒಗೆದುಕೊಡುತ್ತಿದ್ದಳು. ಏಳು ಮಕ್ಕಳಲ್ಲಿ ಬೇಬ್ ಆರನೆಯವಳು. ಆಕೆ ಚಿಕ್ಕವಳಿರುವಾಗಲೇ ಕುಟುಂಬ ಹತ್ತಿರದ ಬ್ಯೂಮಾಂಟ್ ಪಟ್ಟಣಕ್ಕೆ ಬಂದು ನೆಲೆಸಿತು.

ಮನೆಯಲ್ಲಿ ದುಡ್ಡಿರಲಿಲ್ಲ, ಆದರೆ ತಂದೆಗೆ ಮಕ್ಕಳ ಮೈ ಗಟ್ಟಿಯಾಗಬೇಕೆಂಬ ಹಟವಿತ್ತು. ಹಿತ್ತಲಿನಲ್ಲಿ ತಾನೇ ಕಂಬ ನೆಟ್ಟು ಜೋತಾಡಲು ಅಡ್ಡಪಟ್ಟಿ ಮಾಡಿಕೊಟ್ಟ. ಪೊರಕೆಯ ಹಿಡಿಗೆ ಎರಡೂ ತುದಿಯಲ್ಲಿ ಹಳೆಯ ಇಸ್ತ್ರಿಪೆಟ್ಟಿಗೆ ಕಟ್ಟಿ ಭಾರ ಎತ್ತುವ ಸಾಧನ ಮಾಡಿದ. ಹೆಣ್ಣುಮಕ್ಕಳಿಗೆ ಬೇರೆ, ಗಂಡುಮಕ್ಕಳಿಗೆ ಬೇರೆ ಎಂದು ಅವನು ಏನನ್ನೂ ಮಾಡಲಿಲ್ಲ. ಅದೇ ಕಂಬ, ಅದೇ ಪೊರಕೆ ಹಿಡಿ ಎಲ್ಲರಿಗೂ. ಶಾಲೆ ಬಿಟ್ಟ ಮೇಲೆ ಬೇಬ್ ಅಂಜೂರದ ಹಣ್ಣು ಕಟ್ಟುವ ಕಾರ್ಖಾನೆಯಲ್ಲಿ ಕೂಲಿ ಮಾಡಿದ್ದುಂಟು, ಆಲೂಗಡ್ಡೆ ತುಂಬುವ ಗೋಣಿಚೀಲ ಹೊಲಿದದ್ದೂ ಉಂಟು. ಒಂದು ಚೀಲಕ್ಕೆ ಒಂದು ಸೆಂಟ್ ಕೂಲಿ. ಬೀದಿಯಲ್ಲಿ ಹುಡುಗರೊಂದಿಗೆ ಬೇಸ್‌ಬಾಲ್ ಆಡುತ್ತಾ ಚೆಂಡನ್ನು ಬಹಳ ದೂರ ಹೊಡೆಯುತ್ತಿದ್ದುದರಿಂದ, ಆ ಆಟದ ಪ್ರಸಿದ್ಧ ಆಟಗಾರ ಬೇಬ್ ರೂತ್‌ನ ಹೆಸರು ತನಗೂ ಅಂಟಿತೆಂದು ಆಕೆಯೇ ಹೇಳಿಕೊಳ್ಳುತ್ತಿದ್ದಳು.

1928ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಒಲಿಂಪಿಕ್ಸ್ ನಡೆದಾಗ ತಂದೆ ಪತ್ರಿಕೆಯಲ್ಲಿ ಬಂದ ಸುದ್ದಿಯನ್ನು ಮಕ್ಕಳಿಗೆ ಓದಿ ಹೇಳುತ್ತಿದ್ದ. ಮುಂದಿನ ಸಲ ತಾನೂ ಹೋಗಬೇಕೆಂದು ಬೇಬ್ ಅಂದೇ ನಿಶ್ಚಯಿಸಿದಳು. ಅಭ್ಯಾಸಕ್ಕೆ ಹರ್ಡಲ್ಸ್ ಎಲ್ಲಿಂದ ಬರಬೇಕು? ಅವರ ಬೀದಿಯಲ್ಲಿ ಮನೆಮನೆಯ ಮುಂದೆ ಗಿಡದ ಬೇಲಿಗಳಿದ್ದವು, ನಮ್ಮಲ್ಲಿ ದಾಸವಾಳದ ಬೇಲಿ ಇರುತ್ತದಲ್ಲ, ಹಾಗೆ. ಅಕ್ಕ ಲಿಲ್ಲಿ ಪಕ್ಕದ ದಾರಿಯಲ್ಲಿ ಓಡಬೇಕು, ಬೇಬ್ ಬೇಲಿಗಳನ್ನು ಒಂದೊಂದಾಗಿ ಹಾರುತ್ತಾ ಅವಳನ್ನು ಹಿಂದೆ ಹಾಕಬೇಕು. ಒಂದು ಮನೆಯ ಬೇಲಿ ಮಾತ್ರ ಉಳಿದವಕ್ಕಿಂತ ಎತ್ತರ. ಬೇಬ್ ಆ ಮನೆಯವರ ಬಳಿ ಹೋಗಿ ಬೇಲಿಯನ್ನು ಕತ್ತರಿಸಿ ತಗ್ಗಿಸಿಕೊಡಿ ಎಂದು ಕೇಳಿದಳು. ಆ ಪುಣ್ಯಾತ್ಮ ಕತ್ತರಿಸಿಯೂ ಕೊಟ್ಟ.

ನಮ್ಮಲ್ಲಿ ಹೆಣ್ಣೊಬ್ಬಳು ಬೇಲಿ ಹಾರಿದಳು ಎಂದರೆ ಅದು ಒಳ್ಳೆಯ ಮಾತಲ್ಲ. ಅದಕ್ಕೇ ಈ ಲೇಖನಕ್ಕೆ ಈ ಹೆಸರಿಡುವಾಗ ಸ್ವಲ್ಪ ಹಿಂಜರಿದೆ. ಆದರೆ ಆಕೆಯ ಜೀವನವನ್ನು ಪೂರ್ತಿ ನೋಡಿದರೆ ಬೇರೆ ಹೆಸರು ಹೊಂದುವುದಿಲ್ಲ. ಒಂದು ಬೇಲಿ ಹಾರಿದರೆ ಅದಕ್ಕಿಂತ ಎತ್ತರದ ಇನ್ನೊಂದು ಬೇಲಿ ಮುಂದೆ ಇರುತ್ತಿತ್ತು. ಎಲ್ಲರೂ ಆ ನೆರೆಮನೆಯವನಂತೆ ಕತ್ತರಿಸಿ ಕೊಡಲಿಲ್ಲ.

ಬೇಬ್ ಹೈಸ್ಕೂಲಿನಲ್ಲಿ ಬಾಸ್ಕೆಟ್‌ಬಾಲ್ ಆಡುತ್ತಿದ್ದುದನ್ನು ನೋಡಿ, ಡಲ್ಲಾಸ್ ನಗರದ ಒಂದು ವಿಮಾ ಕಂಪನಿಯವರು 1930ರಲ್ಲಿ ಆಕೆಯನ್ನು ತಮ್ಮ ತಂಡಕ್ಕೆ ಕರೆದುಕೊಂಡರು. ಹೆಸರಿಗೆ ಕಚೇರಿ ಕೆಲಸ, ನಿಜವಾದ ಕೆಲಸ ಕಂಪನಿಯ ಪರ ಆಡುವುದು. ತಿಂಗಳಿಗೆ 75 ಡಾಲರ್ ಸಂಬಳ. ಅದರಲ್ಲಿ ಒಂದು ಪಾಲು ಮನೆಗೆ ಹೋಗುತ್ತಿತ್ತು. ಅಲ್ಲಿಯೇ ಆಕೆ ಓಟ, ಜಿಗಿತ, ಎಸೆತಗಳನ್ನು ಕ್ರಮವಾಗಿ ಕಲಿತಳು.

1932ರ ಜುಲೈ 16ರಂದು ಇಲಿನಾಯ್ ರಾಜ್ಯದ ಇವಾನ್‌ಸ್ಟನ್‌ನಲ್ಲಿ ಅಮೆರಿಕದ ರಾಷ್ಟ್ರೀಯ ಮಹಿಳಾ ಅಥ್ಲೆಟಿಕ್ ಕೂಟ. ಒಲಿಂಪಿಕ್ಸ್‌ಗೆ ಆಯ್ಕೆಯೂ ಅಲ್ಲಿಯೇ. ಬೇರೆ ಕ್ಲಬ್ಬುಗಳಿಂದ ಹತ್ತು, ಇಪ್ಪತ್ತು ಹುಡುಗಿಯರ ತಂಡಗಳು ಬಂದಿದ್ದವು. ವಿಮಾ ಕಂಪನಿಯ ತಂಡವೆಂದು ಮೈದಾನಕ್ಕೆ ಇಳಿದವಳು ಬೇಬ್ ಒಬ್ಬಳೇ. ಒಂದು ಸ್ಪರ್ಧೆ ಮುಗಿಸಿ ಇನ್ನೊಂದಕ್ಕೆ ಓಡುತ್ತಾ ಎಂಟು ಸ್ಪರ್ಧೆಗಳಲ್ಲಿ ಭಾಗವಹಿಸಿದಳು. ಗುಂಡು ಎಸೆತ, ಭರ್ಜಿ ಎಸೆತ, ಬೇಸ್‌ಬಾಲ್ ಎಸೆತ, ಉದ್ದ ಜಿಗಿತ, ಹರ್ಡಲ್ಸ್, ಈ ಐದರಲ್ಲಿ ಪ್ರಥಮ. ಎತ್ತರ ಜಿಗಿತದಲ್ಲಿ ಇನ್ನೊಬ್ಬಳೊಂದಿಗೆ ಸಮ. ಕೊನೆಗೆ ಅಂಕ ಕೂಡಿಸಿದಾಗ ಬೇಬ್‌ಗೆ 30. ಎರಡನೆಯ ಸ್ಥಾನ ಪಡೆದ ತಂಡದಲ್ಲಿ 22 ಹುಡುಗಿಯರಿದ್ದರು, ಅವರೆಲ್ಲರ ಅಂಕ ಸೇರಿ 22. ತಾಲ್ಲೂಕು ಕ್ರೀಡಾಕೂಟದಲ್ಲಿ ಅಂಕಪಟ್ಟಿ ಹಿಡಿದು ಎಷ್ಟೋ ಸಲ ಕುಳಿತವಳು ನಾನು. ತಂಡ ಪ್ರಶಸ್ತಿಯನ್ನು ಒಬ್ಬಳೇ ಹುಡುಗಿ ಹೊತ್ತುಕೊಂಡು ಹೋಗುವುದನ್ನು ನಾನು ಎಲ್ಲಿಯೂ ಕಂಡಿಲ್ಲ.

ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಒಬ್ಬ ಮಹಿಳೆ ಮೂರಕ್ಕಿಂತ ಹೆಚ್ಚು ಸ್ಪರ್ಧೆಗೆ ಇಳಿಯುವಂತಿರಲಿಲ್ಲ. ಅದಕ್ಕಿಂತ ಹೆಚ್ಚಾದರೆ ಹೆಣ್ಣಿನ ಮೈ ತಾಳದೆಂಬುದು ಆ ಕಾಲದ ನಂಬಿಕೆ. ಭರ್ಜಿಯನ್ನು 43 ಮೀಟರಿಗೂ ಹೆಚ್ಚು ದೂರ ಎಸೆದು ಚಿನ್ನ ಪಡೆದಳು. 80 ಮೀಟರ್ ಹರ್ಡಲ್ಸನ್ನು 11.7 ಸೆಕೆಂಡಿನಲ್ಲಿ ಮುಗಿಸಿ ವಿಶ್ವದಾಖಲೆಯೊಂದಿಗೆ ಎರಡನೆಯ ಚಿನ್ನ. ಎತ್ತರ ಜಿಗಿತದಲ್ಲಿ ತನ್ನದೇ ದೇಶದ ಜೀನ್ ಶೈಲಿಯೊಂದಿಗೆ ಸಮಸಮವಾಗಿ ವಿಶ್ವದಾಖಲೆಯ ಎತ್ತರ ದಾಟಿದಳು. ಆದರೆ ಕೊನೆಯ ಹಂತದಲ್ಲಿ, ಆಕೆಯ ತಲೆ ಮೈಗಿಂತ ಮೊದಲು ಪಟ್ಟಿ ದಾಟಿತು, ಅದು ನಿಯಮಕ್ಕೆ ವಿರುದ್ಧ ಎಂದು ತೀರ್ಪುಗಾರರು ಹೇಳಿ ಬೆಳ್ಳಿ ಕೊಟ್ಟರು. ಆ ನಿಯಮ ಮುಂದೆ ಹೋಯಿತು. ಇಂದು ಜಗತ್ತಿನ ದೊಡ್ಡ ಎತ್ತರ ಜಿಗಿತಗಾರರೆಲ್ಲ ತಲೆಯನ್ನೇ ಮೊದಲು ದಾಟಿಸುತ್ತಾರೆ.

ಇಷ್ಟಾದ ಮೇಲೆ ಆಕೆಯ ಬದುಕು ಸುಗಮವಾಯಿತೆಂದು ನೀವು ಎಣಿಸಬಹುದು. ಹಾಗಾಗಲಿಲ್ಲ. ಅದೇ ವರ್ಷದ ಕೊನೆಯಲ್ಲಿ ಒಂದು ಕಾರಿನ ಜಾಹೀರಾತಿನಲ್ಲಿ ಆಕೆಯ ಹೆಸರು, ಚಿತ್ರ ಬಂತು. ಆ ಕಾಲದಲ್ಲಿ ಹವ್ಯಾಸಿ ಆಟಗಾರರು ಆಟದ ಹೆಸರಿನಲ್ಲಿ ಒಂದು ಕಾಸು ಪಡೆದರೂ ಅಥ್ಲೆಟಿಕ್ಸ್‌ನಿಂದ ಹೊರಗೆ. ತಾನು ಒಪ್ಪಿಗೆ ಕೊಟ್ಟಿರಲಿಲ್ಲವೆಂದು ಬೇಬ್ ಹೇಳಿದಳು. ಸಂಸ್ಥೆಯವರು ಮೊದಲು ಹೊರಹಾಕಿ ಆಮೇಲೆ ಸೇರಿಸಿಕೊಂಡರು. ಅಷ್ಟರಲ್ಲಿ ಆಕೆಗೆ ಸಾಕಾಗಿತ್ತು. ಹವ್ಯಾಸಿಯಾಗಿ ಇರಲು ಮನೆಯಲ್ಲಿ ಅನ್ನವಿರಬೇಕಲ್ಲ! ತಾನು ಇನ್ನು ವೃತ್ತಿಪರಳು ಎಂದು ಹೇಳಿ ಹೊರಬಂದಳು. ಆದರೆ ಮಹಿಳೆಯರಿಗೆ ವೃತ್ತಿಯಾಗಿ ಆಡಲು ಆಟವೇ ಇರಲಿಲ್ಲ.

ಹಾಗಾಗಿ ಮುಂದಿನ ಒಂದೆರಡು ವರ್ಷ ಆಕೆ ಮಾಡಿದ ಕೆಲಸಗಳನ್ನು ಕೇಳಿದರೆ ಮರುಕವಾಗುತ್ತದೆ. ಷಿಕಾಗೋದ ನಾಟಕಶಾಲೆಯ ವೇದಿಕೆಯಲ್ಲಿ ಓಡಿ ತೋರಿಸುವುದು, ಮೌತ್ ಆರ್ಗನ್ ನುಡಿಸುವುದು. ಗಡ್ಡಧಾರಿ ಗಂಡಸರ ಬೇಸ್‌ಬಾಲ್ ತಂಡವೊಂದರ ಜತೆ ಊರೂರು ತಿರುಗಿ ಚೆಂಡು ಎಸೆಯುವುದು. ಜನ ದುಡ್ಡು ಕೊಟ್ಟು ಬರುತ್ತಿದ್ದುದು ಆಟ ನೋಡಲೋ, ಗಂಡಸರ ನಡುವೆ ಆಡುವ ಹೆಂಗಸನ್ನು ಸೋಜಿಗವೆಂದು ನೋಡಲೋ ಹೇಳುವುದು ಕಷ್ಟ. ಪತ್ರಿಕೆಗಳಲ್ಲಿ ಕೆಲವರು ಆಕೆಯ ಮೈಕಟ್ಟನ್ನು, ಮೋಟು ಕೂದಲನ್ನು ಹಿಡಿದು ಆಡಿಕೊಂಡರು. ಇದು ಹೆಣ್ಣೋ ಗಂಡೋ ಎಂಬ ಧಾಟಿಯ ಬರಹಗಳು ಬಂದವು. ಆ ದುಡ್ಡಿನಲ್ಲಿ ಮನೆಗೆ ಕಳಿಸಿ, ಉಳಿದದ್ದರಲ್ಲಿ ಆಕೆ ಹೊಸದೊಂದು ಆಟ ಕಲಿಯಲು ಹೊರಟಳು. ಅದೇ ಗಾಲ್ಫ್.

ನಮ್ಮೂರಿನ ಹಿರಿಯರಿಗಾಗಿ ಆ ಆಟವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ನಾವು ಚಿಕ್ಕಂದಿನಲ್ಲಿ ಆಡಿದ ಚಿನ್ನಿದಾಂಡು ಮತ್ತು ಗೋಲಿ ಎರಡನ್ನೂ ಸೇರಿಸಿದಂತೆ ಅದು. ಸುಮಾರು 45 ಗ್ರಾಂ ತೂಕದ ಪುಟ್ಟ ಚೆಂಡನ್ನು ಕೋಲಿನಿಂದ ಹೊಡೆದು, ನೂರಾರು ಮೀಟರ್ ದೂರದಲ್ಲಿರುವ ನಾಲ್ಕೂಕಾಲು ಅಂಗುಲ ಅಗಲದ ಕುಳಿಗೆ ಬೀಳಿಸಬೇಕು. ಇಂಥ ಕುಳಿಗಳು 18. ಎಲ್ಲವನ್ನೂ ಯಾರು ಅತಿ ಕಡಿಮೆ ಹೊಡೆತಗಳಲ್ಲಿ ಮುಗಿಸುತ್ತಾರೋ ಅವರು ಗೆದ್ದಂತೆ. ಮೊದಲ ಹೊಡೆತಕ್ಕೆ ಚಿನ್ನಿ ಚಿಮ್ಮಿಸುವ ಬಲ ಬೇಕು, ಕೊನೆಯ ಹೊಡೆತಕ್ಕೆ ಗೋಲಿ ಬಿಡುವ ಬೆರಳಿನ ನಯ ಬೇಕು. ಬಲ ಬೇಬ್‌ಗೆ ಹುಟ್ಟಿನಿಂದ ಬಂದಿತ್ತು. ನಯ ಬರಲಿಲ್ಲ. ಅದಕ್ಕಾಗಿ 1933ರಲ್ಲಿ ಲಾಸ್ ಏಂಜಲೀಸಿಗೆ ಹೋಗಿ ಸ್ಟ್ಯಾನ್ ಕರ್ಟೆಸ್ ಎಂಬ ಗುರುವಿನ ಬಳಿ ಕಲಿತಳು. ಬೆಳಗಿನಿಂದ ಸಂಜೆಯವರೆಗೆ ಹೊಡೆದು ಅಂಗೈಯಲ್ಲಿ ರಕ್ತ ಬಂದರೆ ಪಟ್ಟಿ ಸುತ್ತಿ ಮತ್ತೆ ಹೊಡೆಯುತ್ತಿದ್ದಳು.

ಟೆಕ್ಸಾಸಿನಲ್ಲಿ ಅಂದು ಗಾಲ್ಫ್ ಶ್ರೀಮಂತರ ಕ್ಲಬ್ಬುಗಳ ಆಟ. 1935ರಲ್ಲಿ ಹೂಸ್ಟನ್ ನಗರದಲ್ಲಿ ರಾಜ್ಯ ಮಹಿಳಾ ಹವ್ಯಾಸಿ ಪಂದ್ಯಕ್ಕೆ ಬೇಬ್ ಹೆಸರು ಕೊಟ್ಟಾಗ, ಲಾರಿ ಚಾಲಕರ ಮಕ್ಕಳಿಗೆಲ್ಲ ಇಲ್ಲೇನು ಕೆಲಸ ಎಂಬ ಅರ್ಥದ ಮಾತು ಅಲ್ಲಿನ ಮಹಿಳೆಯರಿಂದ ಬಂತು. ಬಡಗಿಯ ಮಗಳು ಆ ಪಂದ್ಯ ಗೆದ್ದಳು. ಗೆದ್ದ ಕೆಲವೇ ದಿನಗಳಲ್ಲಿ ಅಮೆರಿಕದ ಗಾಲ್ಫ್ ಸಂಸ್ಥೆ, ಈಕೆ ಬೇರೆ ಆಟಗಳಲ್ಲಿ ದುಡ್ಡು ಪಡೆದವಳು, ಆದ್ದರಿಂದ ಗಾಲ್ಫ್‌ನಲ್ಲಿಯೂ ಹವ್ಯಾಸಿಯಲ್ಲ ಎಂದು ತೀರ್ಮಾನಿಸಿತು. ಹವ್ಯಾಸಿ ಪಂದ್ಯಗಳೆಲ್ಲ ಒಂದೇ ದಿನದಲ್ಲಿ ಮುಚ್ಚಿಹೋದವು. ವೃತ್ತಿಪರ ಮಹಿಳೆಯರು ಆಡಬಹುದಾದ ಪಂದ್ಯಗಳು ದೇಶದಲ್ಲೆಲ್ಲ ಒಂದೋ ಎರಡೋ. ಮತ್ತೆ ಊರೂರು ತಿರುಗುವ ಕೆಲಸವೇ ಗತಿಯಾಯಿತು. ಜೀನ್ ಸರಾಜೆನ್ ಎಂಬ ಹೆಸರಾಂತ ಆಟಗಾರನ ಜತೆ ಪ್ರದರ್ಶನದ ಆಟಗಳನ್ನು ಆಡಿದಳು. ಅವನ ಪಕ್ಕದಲ್ಲಿ ನಿಂತು ಅವನ ಆಟವನ್ನು ನೋಡಿ ನೋಡಿ ಕಲಿತಳು.

1938ರ ಜನವರಿಯಲ್ಲಿ ಗಂಡಸರ ಲಾಸ್ ಏಂಜಲೀಸ್ ಓಪನ್ ಪಂದ್ಯಕ್ಕೇ ಹೆಸರು ಕೊಟ್ಟಳು. ಅಲ್ಲಿ ಆಕೆಯ ಜೋಡಿಯಾಗಿ ಬಿದ್ದವನು ಜಾರ್ಜ್ ಜಹಾರಿಯಾಸ್, ಗ್ರೀಕ್ ಮೂಲದ ದೈತ್ಯ ಕುಸ್ತಿಪಟು. ಪಂದ್ಯದಲ್ಲಿ ಇಬ್ಬರೂ ಮುಂದೆ ಹೋಗಲಿಲ್ಲ, ಆದರೆ ಆ ವರ್ಷದ ಡಿಸೆಂಬರಿನಲ್ಲಿ ಮದುವೆಯಾದರು. ಈಗ ಮನೆ ನಡೆಸಲು ಗಂಡನ ಸಂಪಾದನೆಯಿತ್ತು. ಆದ್ದರಿಂದ ಆಕೆ ಒಂದು ನಿರ್ಧಾರ ಮಾಡಿದಳು. ನಿಯಮದ ಪ್ರಕಾರ ಮೂರು ವರ್ಷ ಆಟದಿಂದ ಒಂದು ಡಾಲರನ್ನೂ ಪಡೆಯದೆ ಕಾದು, 1943ರಲ್ಲಿ ಹವ್ಯಾಸಿ ಪಟ್ಟವನ್ನು ಮರಳಿ ಪಡೆದಳು. ತಾರುಣ್ಯದಲ್ಲಿರುವ ಆಟಗಾರ್ತಿಗೆ ಮೂರು ವರ್ಷ ಎಂದರೆ ಎಷ್ಟೆಂದು ಆಡಿದವರಿಗೆ ಗೊತ್ತು.

ಆಮೇಲೆ ತಡೆಯುವವರೇ ಇರಲಿಲ್ಲ. 1945ರಲ್ಲಿ ಇಂಡಿಯಾನಾಪೊಲಿಸ್ ನಗರದಲ್ಲಿ ವೆಸ್ಟರ್ನ್ ಓಪನ್ ಆಡುತ್ತಿದ್ದಾಗ ತಾಯಿ ತೀರಿಕೊಂಡ ಸುದ್ದಿ ಬಂತು. ಯುದ್ಧದ ಕಾಲ, ಊರಿಗೆ ಹೋಗಲು ಕೂಡಲೇ ವಾಹನ ಸಿಗಲಿಲ್ಲ. ರಾತ್ರಿಯೆಲ್ಲ ಮೌತ್ ಆರ್ಗನ್ ನುಡಿಸುತ್ತಾ ಕುಳಿತಿದ್ದು, ಮರುದಿನ ಆಡಿ, ಪಂದ್ಯ ಗೆದ್ದು ಊರಿಗೆ ಹೋದಳು. ಅದೇ ವರ್ಷ ಗಂಡಸರ ಫೀನಿಕ್ಸ್ ಮತ್ತು ಟೂಸಾನ್ ಪಂದ್ಯಗಳಲ್ಲಿ ಅರ್ಹತೆಯ ಹಂತ ದಾಟಿ ಕೊನೆಯವರೆಗೂ ಆಡಿದಳು. 1946ರಲ್ಲಿ ಅಮೆರಿಕದ ಮಹಿಳಾ ಹವ್ಯಾಸಿ ಪ್ರಶಸ್ತಿ. 1947ರಲ್ಲಿ ಸ್ಕಾಟ್ಲೆಂಡಿನ ಗಲ್ಲನ್ ಎಂಬಲ್ಲಿ ಬ್ರಿಟಿಷ್ ಮಹಿಳಾ ಹವ್ಯಾಸಿ ಪ್ರಶಸ್ತಿ. 1893ರಲ್ಲಿ ಆರಂಭವಾದ ಆ ಪಂದ್ಯವನ್ನು ಅಮೆರಿಕದವರು ಗೆದ್ದದ್ದು ಅದೇ ಮೊದಲು.

ಅಷ್ಟು ಕಷ್ಟಪಟ್ಟು ಪಡೆದ ಹವ್ಯಾಸಿ ಪಟ್ಟವನ್ನು ಆ ವರ್ಷವೇ ಬಿಟ್ಟು ಆಕೆ ಮತ್ತೆ ವೃತ್ತಿಪರಳಾದಳು. ಈ ಸಲ ಆಡಲು ಪಂದ್ಯಗಳಿಲ್ಲ ಎಂದು ಕೂರಲಿಲ್ಲ. 1950ರಲ್ಲಿ ಪ್ಯಾಟಿ ಬರ್ಗ್, ಲೂಯಿಸ್ ಸಗ್ಸ್ ಮೊದಲಾದವರೊಂದಿಗೆ ಸೇರಿ ಮಹಿಳಾ ವೃತ್ತಿಪರ ಗಾಲ್ಫ್ ಸಂಘವನ್ನು ಕಟ್ಟಿದಳು. ಇಂದು ಅದನ್ನು ಎಲ್‌ಪಿಜಿಎ ಎಂದು ಕರೆಯುತ್ತಾರೆ. ಸ್ಥಾಪಕರು ಒಟ್ಟು 13 ಮಂದಿ, ಎಲ್ಲರೂ ಹೆಂಗಸರು. ಕಾರುಗಳಲ್ಲಿ ಸಾಮಾನು ತುಂಬಿಕೊಂಡು ಒಂದೂರಿನಿಂದ ಇನ್ನೊಂದೂರಿಗೆ ತಾವೇ ಓಡಿಸಿಕೊಂಡು ಹೋಗುವರು. ಮೈದಾನ ಸಜ್ಜು ಮಾಡುವುದು, ಪ್ರಚಾರ ಮಾಡುವುದು, ಲೆಕ್ಕ ಬರೆಯುವುದು, ಆಮೇಲೆ ಆಡುವುದು. ಬಹುಮಾನದ ಹಣ ಅಲ್ಪ. ಜನ ಸೇರಬೇಕಲ್ಲ, ಜನರನ್ನು ಸೇರಿಸಿದವಳು ಬೇಬ್. ಆಕೆ ಬರುತ್ತಾಳೆಂದರೆ ಟಿಕೆಟು ಹೋಗುತ್ತಿತ್ತು. ಆ ವರ್ಷ ಅಮೆರಿಕದ ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್ ಆಕೆಯನ್ನು ಅರ್ಧ ಶತಮಾನದ ಶ್ರೇಷ್ಠ ಕ್ರೀಡಾಪಟು ಮಹಿಳೆ ಎಂದು ಆರಿಸಿತು.

ಗುಣಗಳನ್ನೇ ಹೇಳಿ ದೋಷ ಮುಚ್ಚಿಟ್ಟರೆ ಅದು ಜೀವನಚರಿತ್ರೆಯಾಗುವುದಿಲ್ಲ. ಬೇಬ್‌ಗೆ ಜಂಬವಿತ್ತು. ಆಟಗಾರ್ತಿಯರು ಬಟ್ಟೆ ಬದಲಿಸುವ ಕೋಣೆಗೆ ಬಂದು, ನಾನು ಬಂದಾಯಿತು, ಎರಡನೆಯ ಸ್ಥಾನ ಯಾರಿಗೆ ಎಂದು ಕೇಳುತ್ತಿದ್ದಳಂತೆ. ವಯಸ್ಸನ್ನು ಕಡಿಮೆ ಮಾಡಿ ಹೇಳುತ್ತಿದ್ದಳು. ಜತೆಯಲ್ಲಿ ಆಡಿದ ಹಲವರಿಗೆ ಆಕೆ ಇಷ್ಟವಾಗಲಿಲ್ಲ. ನನ್ನ ತಂಡದಲ್ಲಿ ಇಂಥ ಹುಡುಗಿ ಇದ್ದಿದ್ದರೆ ನಾನೂ ಕರೆದು ಬುದ್ಧಿ ಹೇಳುತ್ತಿದ್ದೆ. ಆದರೆ ಅಷ್ಟೊಂದು ಬಾಗಿಲು ಮುಚ್ಚಿದವರ ಎದುರು ತಲೆಯೆತ್ತಿ ನಿಲ್ಲಲು ಆಕೆಗೆ ಆ ಜಂಬವೂ ಬೇಕಿತ್ತೇನೋ ಎಂದು ಈಗ ಅನ್ನಿಸುತ್ತದೆ.

1953ರ ಏಪ್ರಿಲ್. ಬ್ಯೂಮಾಂಟಿನಲ್ಲಿ ಆಕೆಯ ಹೆಸರಿನದೇ ಪಂದ್ಯ ನಡೆಯಿತು. ಮೈಯಲ್ಲಿ ಬಹಳ ದಿನದಿಂದ ಸುಸ್ತು, ನೋವು ಇದ್ದರೂ ಆಡಿ ಗೆದ್ದಳು. ಗೆದ್ದ ಮೇಲೆ ವೈದ್ಯರ ಬಳಿ ಹೋದಳು. ದೊಡ್ಡ ಕರುಳಿನ ಕೊನೆಯಲ್ಲಿ ಕ್ಯಾನ್ಸರ್. ಏಪ್ರಿಲ್ 17ರಂದು ಶಸ್ತ್ರಚಿಕಿತ್ಸೆ ಮಾಡಿ ಕರುಳಿನ ಆ ಭಾಗವನ್ನು ತೆಗೆದುಹಾಕಿದರು. ಮಲ ಹೊರಹೋಗಲು ಹೊಟ್ಟೆಯ ಮೇಲೆಯೇ ಒಂದು ದಾರಿ ಮಾಡಿದರು. ಅದಕ್ಕೆ ಕೊಲೊಸ್ಟಮಿ ಎನ್ನುತ್ತಾರೆ. ಅಲ್ಲಿಗೆ ಚೀಲ ಅಂಟಿಸಿಕೊಂಡು ಬದುಕಬೇಕು.

ನನ್ನ ಸ್ವಂತ ಕಾರಣ ಎಂದೆನಲ್ಲ, ಅದು ಇದೇ. ಸೇವೆಯಲ್ಲಿದ್ದಾಗ ನಾನು ಒಂದು ವರ್ಷ ಐದು ತಿಂಗಳು ರಜೆ ಹಾಕಿದ್ದೆ. ಪಿತ್ತಕೋಶದ ಕಲ್ಲಿನ ಆಪರೇಷನ್ ಎಂದು ಎಲ್ಲರಿಗೂ ಹೇಳಿದ್ದೆ. ಸಹೋದ್ಯೋಗಿಗಳು ಹಣ್ಣು ಹಿಡಿದು ನೋಡಲು ಬಂದರು, ಅವರಿಗೂ ಅದನ್ನೇ ಹೇಳಿದೆ. ಅದು ಸುಳ್ಳು. ನನಗೂ ಬೇಬ್‌ಗೆ ಬಂದ ಕಾಯಿಲೆಯೇ ಬಂದಿತ್ತು, ಅದೇ ಶಸ್ತ್ರಚಿಕಿತ್ಸೆ ಆಗಿತ್ತು. ಅಂದಿನಿಂದ ಇಂದಿನವರೆಗೆ ಸೀರೆಯ ಒಳಗೆ ಚೀಲವಿದೆ. ಅದಕ್ಕೂ ಮೊದಲು ಎಂಟು ತಿಂಗಳು ಮಲದಲ್ಲಿ ರಕ್ತ ಹೋಗುತ್ತಿತ್ತು. ಮೂಲವ್ಯಾಧಿ ಇರಬೇಕೆಂದು ಯಾರಿಗೂ ಹೇಳದೆ ನಾಟಿ ಔಷಧಿ ಕುಡಿದೆ. ಮಕ್ಕಳಿಗೆ ಆರೋಗ್ಯದ ಪಾಠ ಮಾಡುವ ಟೀಚರು ನಾನು, ನಾಚಿಕೆಯಿಂದ ವೈದ್ಯರ ಬಳಿ ಹೋಗಲಿಲ್ಲ. ಆಪರೇಷನ್ ಆಗಿ ಮನೆಯಲ್ಲಿ ಮಲಗಿದ್ದಾಗ, ಇನ್ನು ಬಯಲಿಗೆ ಇಳಿಯುವುದು ಬೇಡ, ಸ್ವಯಂ ನಿವೃತ್ತಿ ತೆಗೆದುಕೊಳ್ಳೋಣ ಎಂದು ಅರ್ಜಿ ಬರೆದಿಟ್ಟಿದ್ದೆ. ಆಗ ಮಗಳು ಫೋನಿನಲ್ಲಿ ಈ ಕಾಯಿಲೆಯ ವಿಷಯ ಹುಡುಕುತ್ತಿದ್ದವಳು ಬೇಬ್ ಎಂಬ ಹೆಸರು ಓದಿ ಹೇಳಿದಳು. ಬಿ.ಪಿ.ಇಡಿ.ಯ ನೋಟ್‌ಬುಕ್ಕಿನಲ್ಲಿ ನಾನು ಹೊಡೆದು ಹಾಕಿದ್ದ ಹೆಸರು!

ಆಕೆಯ ಮುಂದಿನ ಕಥೆ ಹೀಗೆ. ಇನ್ನು ದೊಡ್ಡ ಪಂದ್ಯಗಳ ಆಟ ಸಾಧ್ಯವಿಲ್ಲವೆಂದು ಹೇಳಲಾಗಿತ್ತು. ಆಕೆ ಗಾಲ್ಫ್ ಕೋಲುಗಳನ್ನು ಆಸ್ಪತ್ರೆಯ ಕೋಣೆಯಲ್ಲಿಯೇ, ಕಣ್ಣಿಗೆ ಕಾಣುವಂತೆ ಇರಿಸಿಕೊಂಡಳು. ಬೆಟ್ಟಿ ಡಾಡ್ ಎಂಬ ಯುವ ಆಟಗಾರ್ತಿ ಹಗಲಿರುಳು ಪಕ್ಕದಲ್ಲಿದ್ದು ಆರೈಕೆ ಮಾಡಿದಳು. ಮೂರೂವರೆ ತಿಂಗಳಿಗೆ ಷಿಕಾಗೋ ಬಳಿಯ ಪಂದ್ಯದಲ್ಲಿ ಬೇಬ್ ಮತ್ತೆ ಆಡಿದಳು. ಗೆಲ್ಲಲಿಲ್ಲ. ಆಟದ ನಡುವೆ ಅಳು ಬಂದಿತ್ತು, ಆದರೂ ಅರ್ಧಕ್ಕೆ ಬಿಡಲಿಲ್ಲ.

ಕ್ಯಾನ್ಸರ್ ಎಂಬ ಹೆಸರನ್ನೇ ಜನ ಬಾಯಿಬಿಟ್ಟು ಹೇಳದ ಕಾಲ ಅದು. ಅಮೆರಿಕದಲ್ಲಿಯೂ ಹಾಗೆಯೇ. ಬೇಬ್ ತನಗೆ ಬಂದದ್ದು ಕ್ಯಾನ್ಸರ್ ಎಂದು ಪತ್ರಿಕೆಗಳಿಗೆ ನೇರವಾಗಿ ಹೇಳಿದಳು. ಹೋದ ಊರುಗಳಲ್ಲಿ ಆಸ್ಪತ್ರೆಗಳಿಗೆ ಹೋಗಿ ರೋಗಿಗಳ ಪಕ್ಕ ಕುಳಿತು ಮಾತಾಡಿದಳು, ಕ್ಯಾನ್ಸರ್ ನಿಧಿಗೆ ಹಣ ಕೂಡಿಸಿದಳು. ಆದರೆ ವಿಚಿತ್ರ ನೋಡಿ: ಶಸ್ತ್ರಚಿಕಿತ್ಸೆಯ ಸಮಯದಲ್ಲೇ ಕಾಯಿಲೆ ಬೇರೆ ಕಡೆಗೂ ಹರಡಿರುವುದು ವೈದ್ಯರಿಗೆ ಕಂಡಿತ್ತು. ಅದನ್ನು ಅವರು ಜಾರ್ಜ್‌ಗೂ ಬೆಟ್ಟಿಗೂ ಹೇಳಿದರು, ಆಕೆಗೆ ಹೇಳಲಿಲ್ಲ. ಊರಿಗೆಲ್ಲ ಸತ್ಯ ಹೇಳಿದವಳಿಗೆ ಮನೆಯವರು ಸತ್ಯ ಹೇಳಲಿಲ್ಲ. ನಮ್ಮ ಮನೆಗಳಲ್ಲಿಯೂ ಇದು ನಡೆಯುತ್ತದೆ. ಪ್ರೀತಿಯಿಂದಲೇ ಮಾಡುತ್ತೇವೆ, ಆದರೆ ಸರಿಯೋ ತಪ್ಪೋ ನನಗೆ ಇಂದಿಗೂ ತಿಳಿಯದು.

1954ರ ಜುಲೈ 3. ಮ್ಯಾಸಚೂಸೆಟ್ಸ್ ರಾಜ್ಯದ ಪೀಬಾಡಿ ಊರಿನ ಸೇಲಂ ಕ್ಲಬ್ಬಿನಲ್ಲಿ ಅಮೆರಿಕದ ಮಹಿಳಾ ಓಪನ್‌ನ ಕೊನೆಯ ದಿನ. ಆ ಒಂದೇ ದಿನ 36 ಕುಳಿಗಳನ್ನು ಆಡಬೇಕು, ಮೈಲಿಗಟ್ಟಲೆ ನಡೆಯಬೇಕು. 43 ವರ್ಷದ ಬೇಬ್, ಹೊಟ್ಟೆಗೆ ಅಂಟಿಸಿದ ಚೀಲದೊಂದಿಗೆ, ಎರಡನೆಯವಳಿಗಿಂತ 12 ಹೊಡೆತ ಕಡಿಮೆಯಲ್ಲಿ ಆಟ ಮುಗಿಸಿದಳು. 1948 ಮತ್ತು 1950ರ ನಂತರ ಅದು ಆಕೆಯ ಮೂರನೆಯ ಓಪನ್ ಪ್ರಶಸ್ತಿ. ಗಾಲ್ಫ್‌ನಲ್ಲಿ ಒಂದೆರಡು ಹೊಡೆತದ ಅಂತರದ ಗೆಲುವೇ ಹೆಚ್ಚು, ಹನ್ನೆರಡು ಎಂದರೆ ಬಹುದೊಡ್ಡದು. ನನ್ನ ಮಗಳು ಈ ಭಾಗವನ್ನು ಓದಿದ ಸಂಜೆ ನಾನು ಸ್ವಯಂ ನಿವೃತ್ತಿಯ ಅರ್ಜಿಯನ್ನು ಒಲೆಗೆ ಹಾಕಿದೆ. ರಜೆ ಮುಗಿದ ಮೇಲೆ ಶಾಲೆಗೆ ಬಂದೆ. ಎತ್ತರ ಜಿಗಿತವನ್ನು ನಾನೇ ಹಾರಿ ತೋರಿಸುವುದನ್ನು ಮಾತ್ರ ನಿಲ್ಲಿಸಿದೆ. ಉಳಿದದ್ದೆಲ್ಲ ಮೊದಲಿನಂತೆ ಮಾಡಿದೆ.

ಬೇಬ್ 1955ರ ಆರಂಭದಲ್ಲಿ ಇನ್ನೂ ಎರಡು ಪಂದ್ಯ ಗೆದ್ದಳು. ಆ ವರ್ಷವೇ ಕಾಯಿಲೆ ಮರಳಿತು. 1956ರ ಸೆಪ್ಟೆಂಬರ್ 27ರಂದು ಟೆಕ್ಸಾಸಿನ ಗಾಲ್ವೆಸ್ಟನ್ ನಗರದ ಆಸ್ಪತ್ರೆಯಲ್ಲಿ ತೀರಿಕೊಂಡಳು. ಆಗ ಆಕೆಗೆ 45 ವರ್ಷ. ಅಧ್ಯಕ್ಷ ಐಸೆನ್‌ಹೋವರ್ ಅಂದಿನ ಪತ್ರಿಕಾಗೋಷ್ಠಿಯನ್ನು ಆಕೆಯ ಸ್ಮರಣೆಯಿಂದಲೇ ಆರಂಭಿಸಿದರು. ಬೇಲಿಗಳನ್ನು ಹಾರಿ ಬೆಳೆದ ಬ್ಯೂಮಾಂಟಿನಲ್ಲಿಯೇ ಆಕೆಯ ಸಮಾಧಿಯಿದೆ.

ಆಕೆ ಬಿಟ್ಟುಹೋದದ್ದು ಕಪ್ಪುಗಳನ್ನು ಮಾತ್ರವಲ್ಲ. 13 ಹೆಂಗಸರು ಕಾರು ಓಡಿಸಿಕೊಂಡು ಕಟ್ಟಿದ ಆ ಸಂಘ ಇಂದು ಜಗತ್ತಿನ ಮಹಿಳಾ ಗಾಲ್ಫ್‌ನ ದೊಡ್ಡ ವೇದಿಕೆ. ನಮ್ಮ ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ಆಡುವುದು ಅದೇ ವೇದಿಕೆಯಲ್ಲಿ. 2021ರಲ್ಲಿ ಟೋಕಿಯೋ ಒಲಿಂಪಿಕ್ಸ್ ನಡೆದಾಗ ಆಕೆ ನಾಲ್ಕನೆಯ ಸ್ಥಾನ ಪಡೆದ ಬೆಳಗ್ಗೆ, ಗಾಲ್ಫ್ ಕೋಲನ್ನೇ ಕಾಣದ ನಮ್ಮೂರಿನವರೂ ಟಿವಿ ಮುಂದೆ ಕುಳಿತಿದ್ದರು. ವೃತ್ತಿಯಾಗಿ ಆಡಲು ಮಹಿಳೆಗೆ ಒಂದು ಜಾಗವಿದೆ ಎಂಬುದು ಇಂದು ಎಲ್ಲರಿಗೂ ಸಹಜ. ಬೇಬ್‌ಗೆ ಆ ಜಾಗವಿರಲಿಲ್ಲ. ಅದನ್ನು ಮಾಡಿಕೊಂಡು, ನಂತರದವರಿಗೂ ಬಿಟ್ಟು ಹೋದಳು.

ಇನ್ನು ನಾನು ಹೇಳಬೇಕಾದದ್ದು ಎರಡೇ ಮಾತು. ಹಳೆಯ ವಿದ್ಯಾರ್ಥಿಗಳಿಗೆ ಮೊದಲನೆಯದು. ನಮ್ಮ ಶಾಲೆಯಲ್ಲಿ ಹರ್ಡಲ್ಸ್ ಅಭ್ಯಾಸಕ್ಕೆ ಈಗಲೂ ಅಡಿಕೆ ದಬ್ಬೆಯನ್ನೇ ಕಟ್ಟುತ್ತಾರೆ. ತಾಗಿದರೆ ಮೊಣಕಾಲಿನ ಚರ್ಮ ಕಿತ್ತು ಬರುತ್ತದೆ. ಎಂಟನೆಯ ತರಗತಿಯಲ್ಲಿ ಓಡುವ ಹುಡುಗಿಯರಲ್ಲಿ ಅರ್ಧದಷ್ಟು ಮಂದಿ ಹತ್ತಕ್ಕೆ ಬರುವಷ್ಟರಲ್ಲಿ ಬಯಲು ಬಿಡುವುದನ್ನು ವರ್ಷವೂ ಕಂಡಿದ್ದೇನೆ. ಮಹೋತ್ಸವದ ನೆನಪಿಗೆ ಏನಾದರೂ ಕೊಡಬೇಕೆನ್ನುವವರು ಒಂದು ಜೊತೆ ಒಳ್ಳೆಯ ಹರ್ಡಲ್ಸ್, ಹುಡುಗಿಯರಿಗೆ ಬಟ್ಟೆ ಬದಲಿಸಲು ಬಾಗಿಲಿರುವ ಒಂದು ಕೋಣೆ, ಇವುಗಳನ್ನು ಕೊಡಿ.

ಎರಡನೆಯದು ಊರಿನ ತಾಯಂದಿರಿಗೆ, ಅಕ್ಕತಂಗಿಯರಿಗೆ. ಮೈಯಲ್ಲಿ ಹೇಳಿಕೊಳ್ಳಲು ನಾಚಿಕೆಯಾಗುವಂಥ ತೊಂದರೆ ಏನೇ ಇದ್ದರೂ ನನ್ನಂತೆ ಎಂಟು ತಿಂಗಳು ಮುಚ್ಚಿಟ್ಟುಕೊಳ್ಳಬೇಡಿ. ವೈದ್ಯರ ಬಳಿ ಹೋಗಲು ಅಂಜಿಕೆಯಾದರೆ ಮೊದಲು ನನ್ನ ಮನೆಗೆ ಬನ್ನಿ, ಜತೆಯಲ್ಲಿ ನಾನೂ ಬರುತ್ತೇನೆ. ಹಣ್ಣು ಹಿಡಿದು ನನ್ನನ್ನು ನೋಡಲು ಬಂದಿದ್ದ ಸಹೋದ್ಯೋಗಿಗಳು ಈ ಪುಟ ಓದಿದಾಗ, ಅಂದು ಹೇಳಿದ ಸುಳ್ಳಿಗೆ ನನ್ನನ್ನು ಕ್ಷಮಿಸಬೇಕು.